ಹಿತ್ತಾಳೆ ಮುದುಕನೊಂದಿಗೆ ಎಲೆಕ್ಟ್ರಾನಿಕ್ ಸಿಟಿಗೆ

ಕಾರ್ತಿಕ ಮಾಸದ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ಪೀಣ್ಯ ಎರಡನೇ ಹಂತದಿಂದ ಹೊರಟೆವು. ನಾನು, ನಮ್ಮ ಶಾಪಿನ ರುದ್ರಣ್ಣ, ಮತ್ತು ಗೋಣಿತಾಟಿನಲ್ಲಿ ಸುತ್ತಿದ ಒಂದು ಹಿತ್ತಾಳೆ ಹಲಗೆ. ಹಲಗೆಯ ತೂಕ ಮೂರು ಕಿಲೋಗೆ ಸ್ವಲ್ಪ ಹೆಚ್ಚು. ಅದರ ಮೇಲೆ ಒಬ್ಬ ಮುದುಕನ ಮುಖವಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹನ್ನೊಂದು ಗಂಟೆಗೆ ಆ ಮುಖದ ಪರೀಕ್ಷೆ. ಅದೇ ಪರೀಕ್ಷೆಯಲ್ಲಿ ನಾವು ಆಗಲೇ ಎರಡು ಸಲ ನಪಾಸಾಗಿದ್ದೆವು. ಮರುದಿನವೇ ಅಲ್ಲಿ ಚಿತ್ರಗಳ ಪ್ರದರ್ಶನ ಶುರುವಾಗುವುದಿತ್ತು. ಈ ಸಲವೂ ಆಗದಿದ್ದರೆ ಮುಗಿಯಿತು.

ತುಮಕೂರು ರಸ್ತೆಯನ್ನು ನಂಬಿ ಗಾಡಿಯಲ್ಲಿ ಹೊರಟರೆ ಯಾವಾಗ ತಲುಪುತ್ತೇವೋ ಹೇಳಲಾಗದು, ಅದಕ್ಕೇ ಮೆಟ್ರೊ ಹಿಡಿಯುವುದೆಂದು ಹಿಂದಿನ ದಿನವೇ ತೀರ್ಮಾನಿಸಿದ್ದೆ. ಸ್ಟೇಷನ್ ಹತ್ತಿರದ ದರ್ಶಿನಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ರುದ್ರಣ್ಣ ಹಲಗೆಯನ್ನು ಎಡಗಂಕುಳಲ್ಲಿ ಅವುಚಿಕೊಂಡೇ ಒಂದು ಕೈಯಲ್ಲಿ ಇಡ್ಲಿ ಮುರಿಯುತ್ತಿದ್ದರು.

“ಕೆಳಗಿಡಿ ರುದ್ರಣ್ಣ, ಯಾರೂ ಎತ್ಕೊಂಡು ಹೋಗಲ್ಲ.”

“ಬ್ಯಾಡ್ರಿ ಅಕ್ಕಾರ. ವಯಸ್ಸಾದವ್ರನ್ನ ಕಾಲಾಗ ಇಡಬಾರ್ದು.”

ರುದ್ರಣ್ಣನವರಿಗೂ ಅರವತ್ತು ದಾಟಿದೆ. ಕುಷ್ಟಗಿ ಕಡೆಯವರು. ಮೂವತ್ತು ವರ್ಷದ ಹಿಂದೆ ನಮ್ಮಪ್ಪನ ಶಾಪಿಗೆ ಸೇರಿದವರು ಇಂದಿಗೂ ಬಾಗಲಗುಂಟೆಯ ಒಂದು ಬಾಡಿಗೆ ಕೋಣೆಯಿಂದ ನಡೆದೇ ಕೆಲಸಕ್ಕೆ ಬರುತ್ತಾರೆ. ನಮ್ಮದು ನೇಮ್‌ಪ್ಲೇಟ್ ಮಾಡುವ ಶಾಪು. ಮೋಟಾರು, ಪಂಪುಗಳ ಮೈಮೇಲೆ ಹೆಸರು, ನಂಬರು ಕೊರೆದ ಸಣ್ಣ ಲೋಹದ ಪಟ್ಟಿ ಇರುತ್ತದಲ್ಲ, ಅದು. ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಲೇಪವನ್ನು ಕೆರೆದು, ಆಸಿಡ್ ತೊಟ್ಟಿಯಲ್ಲಿ ಅದ್ದಿದರೆ ಕೆರೆದ ಕಡೆ ಮಾತ್ರ ಲೋಹ ಕರಗುತ್ತದೆ. ಅಪ್ಪನ ನಂತರ ಶಾಪು ನನ್ನ ಕೈಗೆ ಬಂತು, ನನ್ನ ಕಾಲದಲ್ಲಿ ಲೇಸರ್ ಮಿಷನ್ನೂ ಬಂತು. ಅದು ಬಂದ ಮೇಲೆ ರುದ್ರಣ್ಣನ ತೊಟ್ಟಿಗೆ ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. “ಸಂಕ್ರಾಂತಿಗೆ ಊರಿಗೆ ಹೋದ್ನೆಂದ್ರ ಮತ್ತ ಬರೂದಿಲ್ರಿ” ಎಂದು ಎರಡು ತಿಂಗಳ ಹಿಂದೆ ಹೇಳಿದ್ದರು.

ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿನಲ್ಲಿ ಸಾಮಾನು ತಪಾಸಣೆಯ ಮಿಷನ್ ಒಳಗೆ ಹಲಗೆ ಹೋದದ್ದೇ, ಪರದೆಯ ಮೇಲೆ ಕಪ್ಪಗೆ ಚೌಕಾಕಾರದ ಒಂದು ಬಿಲ್ಲೆ ಕಾಣಿಸಿತು. ಕಾವಲಿಗಿದ್ದ ಹೆಂಗಸು ಬೆಲ್ಟನ್ನು ನಿಲ್ಲಿಸಿದಳು.

“ಏನ್ ಮೇಡಂ ಇದು? ಬಿಚ್ಚಿ ತೋರ್ಸಿ.”

ರುದ್ರಣ್ಣ ಗೋಣಿತಾಟನ್ನು ಒಂದೊಂದೇ ಮಡಿಕೆ ಬಿಡಿಸಿದರು. ತುಪ್ಪಳದ ಟೋಪಿ, ಇಳಿಬಿದ್ದ ಕೆನ್ನೆ, ಕವಲೊಡೆದ ಗಡ್ಡ, ಕೆಳಗೆ ನೋಡುವ ಕಣ್ಣು. ಆಕೆ ಬಗ್ಗಿ ನೋಡಿದಳು.

“ಯಾರಿದು, ನಿಮ್ಮ ತಾತನಾ?”

“ಇಲ್ಲ, ಹಾಲೆಂಡ್ ದೇಶದವರು. ನಾನೂರು ವರ್ಷದ ಹಿಂದಿನವರು.”

“ಪಾಪ, ನಿದ್ದೆ ಬಂದಿದೆ ಅವ್ರಿಗೆ” ಎಂದು ನಕ್ಕು ಬಿಟ್ಟುಕೊಟ್ಟಳು. ಟಿಕೆಟ್ ಒಬ್ಬರಿಗೆ ತೊಂಬತ್ತು ರೂಪಾಯಿ. ಮುದುಕನಿಗೆ ಟಿಕೆಟ್ ಇಲ್ಲವೆಂದು ರುದ್ರಣ್ಣನಿಗೆ ಸಮಾಧಾನ.

ಎಂಟೂ ಹತ್ತರ ಹಸಿರು ಮಾರ್ಗದ ರೈಲಿನಲ್ಲಿ ಸೀಟು ಸಿಕ್ಕಿತು. ಯಶವಂತಪುರದಲ್ಲಿ ಜನ ತುಂಬಿದರು, ಮೆಜೆಸ್ಟಿಕ್ಕಿನಲ್ಲಿ ಅರ್ಧ ಇಳಿದು ಮತ್ತೆ ಅಷ್ಟೇ ಹತ್ತಿದರು. ಹಲಗೆ ರುದ್ರಣ್ಣನ ತೊಡೆಯ ಮೇಲಿತ್ತು. ಇಲ್ಲಿಯವರೆಗೆ ನಡೆದದ್ದನ್ನು ರೈಲು ಓಡುವಷ್ಟರಲ್ಲಿ ಹೇಳಿಬಿಡುತ್ತೇನೆ.

ಆ ಕಂಪನಿಯವರು ತಮ್ಮ ಕಟ್ಟಡದ ಕೆಳಮಹಡಿಯಲ್ಲಿ ಹಳೆಯ ಚಿತ್ರಗಳ ಒಂದು ಪ್ರದರ್ಶನ ಏರ್ಪಡಿಸಿದ್ದರು. ಯಾರೋ ಸಂಗ್ರಹಕಾರರು ಎರವಲು ಕೊಟ್ಟ ಹನ್ನೆರಡು ಚಿತ್ರ. ಅವುಗಳಲ್ಲಿ ಮುಖ್ಯವಾದದ್ದು ಹಾಲೆಂಡಿನ ಒಬ್ಬ ಮಹಾ ಕಲಾವಿದ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಈ ಮುದುಕನ ಮುಖ. ಆ ಕಲಾವಿದನ ಹೆಸರು ನಮ್ಮ ಶಾಪಿನಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಆಗುತ್ತಿತ್ತಾದ್ದರಿಂದ ನಾವು ಅವನನ್ನು ‘ಹಾಲೆಂಡ್ ಯಜಮಾನ’ ಎಂದೇ ಕರೆದೆವು. ಪ್ರದರ್ಶನದ ಹೊಣೆ ಹೊತ್ತ ಶಾಲಿನಿ ಎಂಬಾಕೆ ನಮ್ಮನ್ನು ಹುಡುಕಿಕೊಂಡು ಬಂದರು. ಕಣ್ಣು ಕಾಣದವರು ಮುಟ್ಟಿ ನೋಡುವಂಥ ಒಂದು ಲೋಹದ ಪ್ರತಿ ಬೇಕಾಗಿತ್ತು. ಒಪ್ಪಿಗೆಯಾದರೆ ಉಳಿದ ಹನ್ನೊಂದನ್ನೂ ಮಾಡಿಸುವ ಯೋಚನೆ.

“ನಮ್ಮತ್ರಾನೇ ಯಾಕೆ ಬಂದ್ರಿ ಮೇಡಂ?” ಎಂದು ಕೇಳಿದೆ.

“ಅವನು ಮಾಡ್ತಿದ್ದದ್ದೂ ಇದನ್ನೇ. ಮೇಣ, ಸೂಜಿ, ಆಸಿಡ್” ಎಂದರು ಶಾಲಿನಿ.

ತೊಟ್ಟಿಯ ಪಕ್ಕ ನಿಂತಿದ್ದ ರುದ್ರಣ್ಣ ಇದನ್ನು ಕೇಳಿ ಕೈಗವಸು ತೆಗೆದರು. “ಹಂಗಾರ ಅಂವಾ ನಮ್ಮ ಪೈಕೀನ ಆದ್ನಲ್ರಿ” ಎಂದರು.

ಚಿತ್ರದ ದೊಡ್ಡ ಫೋಟೊ ಒಂದನ್ನು ಗೋಡೆಗೆ ಅಂಟಿಸಿಕೊಂಡು, ಯಜಮಾನ ಎಳೆದ ಒಂದು ಗೆರೆಯೂ ಬಿಡದಂತೆ ರುದ್ರಣ್ಣ ಮೊದಲ ಹಲಗೆ ಕೊರೆದರು. ಹನ್ನೆರಡು ದಿನ ಹಿಡಿಯಿತು. ನಮ್ಮ ಕಣ್ಣಿಗೆ ಅದು ಚಿನ್ನದಂಥ ಕೆಲಸ. ಅದನ್ನು ಪರೀಕ್ಷಿಸಿದವಳು ಮೇಘನಾ. ಹುಟ್ಟಿನಿಂದ ಕಣ್ಣಿಲ್ಲದವಳು, ಅದೇ ಕಂಪನಿಯ ನೌಕರಿಯಲ್ಲಿರುವವಳು. ಕಾಣದವರಿಗೂ ಕಂಪನಿಯ ಸಾಫ್ಟ್‌ವೇರ್ ಬಳಸಲು ಆಗುತ್ತದೆಯೋ ಇಲ್ಲವೋ ಎಂದು ನೋಡಿ ತಪ್ಪು ಹಿಡಿಯುವುದೇ ಅವಳ ಕೆಲಸ. ಶಾಪಿಗೇ ಬಂದಿದ್ದಳು. ಹಲಗೆಯ ಮೇಲೆ ಎರಡು ನಿಮಿಷ ಬೆರಳಾಡಿಸಿ, “ಮೇಡಂ, ಬೇಜಾರು ಮಾಡ್ಕೋಬೇಡಿ. ಇದು ಮುದುಕ ಅಲ್ಲ, ಹುಲ್ಲಿನ ಬಣವೆ” ಎಂದಳು. ನೆರಳು ತೋರಿಸಲು ಯಜಮಾನ ಒತ್ತಾಗಿ ಎಳೆದ ಗೆರೆಗಳೆಲ್ಲ ಅವಳ ಬೆರಳಿಗೆ ಗಡ್ಡದಂತೆಯೇ ಇದ್ದವು. “ಅರ್ಧ ಮುಖ ಪೂರ್ತಿ ಗಡ್ಡಾನಾ?” ಎಂದು ಕೇಳಿದಳು. ಬೆರಳಿಗೆ ನೆರಳೆಂಬುದೇ ಇಲ್ಲ. ಅದು ನಮಗೆ ಹೊಳೆದೇ ಇರಲಿಲ್ಲ.

ಎರಡನೇ ಹಲಗೆಯಲ್ಲಿ ನೆರಳನ್ನೆಲ್ಲ ಬಿಟ್ಟು, ಮುಖದ ಅಂಚುಗಳನ್ನಷ್ಟೇ ಉಬ್ಬಿಸಿದೆವು. ಮೇಘನಾ ಈ ಸಲ ಹೆಚ್ಚು ಹೊತ್ತು ನೋಡಿದಳು. “ಮುಖ ಗೊತ್ತಾಗ್ತಿದೆ. ಆದ್ರೆ ಇವ್ರಿಗೆ ವಯಸ್ಸೇ ಇಲ್ವಲ್ಲ. ಗಡ್ಡ ಅಂಟಿಸ್ಕೊಂಡಿರೋ ಹುಡುಗನ ತರ ಇದ್ದಾರೆ.”

ಅವಳು ಹೋದ ಮೇಲೆ ರುದ್ರಣ್ಣ ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದರು. ಮೂವತ್ತು ವರ್ಷ ಆಸಿಡ್ ತಾಗಿ ಅವರ ಬೆರಳ ತುದಿಗಳು ಜಡವಾಗಿವೆ. ಅಲ್ಲಿ ಸೂಜಿ ಚುಚ್ಚಿದರೂ ತಿಳಿಯದು. ಅವರು ಕಣ್ಣು ಮುಚ್ಚಿಕೊಂಡು, ಮಣಿಕಟ್ಟಿನ ಒಳಭಾಗವನ್ನು ತಮ್ಮದೇ ಕೆನ್ನೆಗೆ ಒತ್ತಿ, ಮೆಲ್ಲಗೆ ಕಣ್ಣಿನ ಕೆಳಗೆ ತಂದು ನಿಲ್ಲಿಸಿದರು. “ವಯಸ್ಸು ಇಲ್ಲಿ ಕುಂತೈತ್ರಿ ಅಕ್ಕಾರ” ಎಂದರು. “ಚರ್ಮ ಜೋತು ಬಿದ್ದಲ್ಲಿ. ಗೆರ್‍ಯಾಗ ಇಲ್ಲ, ತೂಕದಾಗ ಐತಿ.” ಮೂರನೇ ಹಲಗೆಯನ್ನು ಐದು ಸಲ ಆಸಿಡ್ಡಿಗೆ ಇಳಿಸಿದರು. ಪ್ರತಿ ಸಲವೂ ಎತ್ತಿ, ಉಬ್ಬಾಗಿಯೇ ಉಳಿಯಬೇಕಾದ ಭಾಗಕ್ಕೆ ಲೇಪ ಬಳಿದು, ಮತ್ತೆ ಇಳಿಸುವುದು. ಮೂಗು ಎಲ್ಲಕ್ಕಿಂತ ಎತ್ತರ, ಅದಕ್ಕಿಂತ ಕೆಳಗೆ ಹುಬ್ಬು, ಇನ್ನೂ ಕೆಳಗೆ ಕೆನ್ನೆ, ಕಣ್ಣಿನ ಕೆಳಗೆ ಜೋತುಬಿದ್ದ ಎರಡು ಪುಟ್ಟ ಚೀಲ. ನೋಡಲು ಮೊದಲಿನಷ್ಟು ಚೆಂದವಿರಲಿಲ್ಲ. ಅದೇ ಹಲಗೆ ಈಗ ನಮ್ಮ ಜೊತೆಗಿತ್ತು.

ಆರ್.ವಿ. ರೋಡ್ ಸ್ಟೇಷನ್ನಿನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಇಳಿದವರೆಲ್ಲ ಒಂದೇ ದಿಕ್ಕಿಗೆ ಹೊರಟಿದ್ದರು, ಎಲ್ಲರ ಕೊರಳಲ್ಲೂ ಗುರುತಿನ ಚೀಟಿ, ಎಲ್ಲರಿಗೂ ಅವಸರ. ಮೆಟ್ಟಿಲಿನ ನಡುವೆ ಯಾರದೋ ಬ್ಯಾಗು ರುದ್ರಣ್ಣನ ಮೊಣಕೈಗೆ ತಾಗಿತು. ಹಲಗೆ ಗೋಣಿತಾಟಿನಿಂದ ಜಾರಿ, ಮೂಲೆ ಕೆಳಗಾಗಿ ಮೆಟ್ಟಿಲಿಗೆ ಬಡಿಯಿತು. ಹಿತ್ತಾಳೆಯ ಸದ್ದಿಗೆ ಆ ಜನವೆಲ್ಲ ಒಂದು ಕ್ಷಣ ನಿಂತುಬಿಟ್ಟಿತು. ತಾಗಿಸಿದ ಹುಡುಗ “ಸಾರಿ ಅಂಕಲ್, ಸಾರಿ” ಎಂದು ತಾನೇ ಎತ್ತಿಕೊಟ್ಟ.

ಮುಖಕ್ಕೆ ಏನೂ ಆಗಿರಲಿಲ್ಲ. ಬಲಗಡೆಯ ಕೆಳಮೂಲೆ ಮಾತ್ರ ಜಜ್ಜಿಹೋಗಿ, ಅಂಚಿನಲ್ಲಿ ಬ್ಲೇಡಿನಂಥ ಲೋಹದ ಸಿಪ್ಪೆ ಎದ್ದಿತ್ತು. ನಾನು ಬೆರಳಿಟ್ಟು ನೋಡಿದೆ. ಒಂದು ಹನಿ ರಕ್ತ ಬಂತು.

“ಇದನ್ನ ಅವಳ ಕೈಗೆ ಕೊಡೋಕಾಗಲ್ಲ ರುದ್ರಣ್ಣ.”

“ಅರ ಇದ್ರ ಐದು ನಿಮಿಷದ ಕೆಲಸ” ಎಂದರು. ಲೋಹ ಉಜ್ಜುವ ಅರ ಪೀಣ್ಯದಲ್ಲಿತ್ತು.

ಹಳದಿ ಮಾರ್ಗದ ರೈಲಿಗೆ ಹದಿನೈದು ನಿಮಿಷ ಕಾದೆವು. ರಾಗಿಗುಡ್ಡ ದಾಟಿದ ಮೇಲೆ ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದರ ಮೇಲೆ ನಾವು. ಕೆಳಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಾಡಿಗಳು ಅಲುಗಾಡದೆ ನಿಂತಿದ್ದವು. ಇನ್ನೊಂದು ದಿನವಾಗಿದ್ದರೆ ಈ ನೋಟಕ್ಕೆ ಖುಷಿ ಪಡುತ್ತಿದ್ದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅಷ್ಟೆಲ್ಲ ಗಾಜಿನ ಕಟ್ಟಡಗಳ ನಡುವೆ ಒಂದು ಅರ ಎಲ್ಲಿ ಹುಡುಕುವುದು? ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರೋಡ್ ಎಂದು ರೈಲು ಹೆಸರು ಕರೆಯುತ್ತಿದ್ದಂತೆ ರುದ್ರಣ್ಣ ಹಲಗೆಯ ಮೂಲೆಯನ್ನು ಪಂಚೆಯ ತುದಿಯಿಂದ ಒತ್ತಿ ಹಿಡಿದಿದ್ದರು.

ಒಂಬತ್ತೂ ಮುಕ್ಕಾಲಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆವು. ಬಿಸಿಲು ಏರಿತ್ತು, ಗಾಳಿ ಮಾತ್ರ ತಣ್ಣಗಿತ್ತು. ಸ್ಟೇಷನ್ ಕೆಳಗೆ ರುದ್ರಣ್ಣ ಫುಟ್‌ಪಾತಿನ ಅಂಚುಕಲ್ಲನ್ನು ಮಣಿಕಟ್ಟಿನಿಂದ ಸವರಿ ನೋಡಿದರು. ಗ್ರಾನೈಟ್ ಕಲ್ಲು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮೂಲೆಯನ್ನು ಉಜ್ಜತೊಡಗಿದರು. ಆಫೀಸಿಗೆ ಹೋಗುವವರು ಸುತ್ತಿ ಬಳಸಿ ಹೋದರು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದರು.

“ಏನಣ್ಣ ಅದು, ದೇವ್ರ ಮುಖವಾಡ್ವಾ?”

“ಅಲ್ರಿ ಅಕ್ಕಾ. ಕಣ್ಣಿಲ್ಲದವ್ರು ಮುಟ್ಟಿ ನೋಡೂ ಚಿತ್ರ. ಮೂಲಿ ಕೊಯ್ಯಾಕತ್ತೈತಿ.”

“ಇಂಗ್ ಉಜ್ಜುದ್ರೆ ಸಂಜೆ ಆಯ್ತದೆ ಬಿಡು” ಎಂದು ಅವರು ಗಾಡಿಯ ಅಡಿಯಿಂದ ಮಚ್ಚು ಮಸೆಯುವ ಕಲ್ಲನ್ನು ತೆಗೆದು ಕೊಟ್ಟರು. ಎಳನೀರಿನ ಬುರುಡೆಯಲ್ಲಿ ನೀರನ್ನೂ ತಂದಿಟ್ಟರು. ಅರ ಎಲ್ಲಿ ಸಿಗುತ್ತದೆಂದು ದಾರಿಯುದ್ದಕ್ಕೂ ಕಂಗಾಲಾಗಿದ್ದ ನನಗೆ ಆ ಕಲ್ಲನ್ನು ನೋಡಿ ನಗು ಬಂತು. ಇಪ್ಪತ್ತು ನಿಮಿಷದಲ್ಲಿ ಸಿಪ್ಪೆ ಹೋಯಿತು, ಮೂಲೆ ದುಂಡಗಾಯಿತು. ರುದ್ರಣ್ಣ ಅದನ್ನು ಕೆಳತುಟಿಗೆ ಒತ್ತಿ ನೋಡಿದರು, ಆಮೇಲೆ ನನ್ನ ಕೈಗೆ ಕೊಟ್ಟರು. “ನೀವು ಒಮ್ಮೆ ನೋಡ್ರಿ. ನನ್ನ ಬೆರಳಿಗೆ ತಿಳಿಯಂಗಿಲ್ಲ.” ಕೊಯ್ದಿದ್ದ ಅದೇ ಬೆರಳಿನಿಂದ ನೋಡಿದೆ. ನದಿಯಲ್ಲಿ ಬಿದ್ದಿದ್ದ ಕಲ್ಲಿನಂತಿತ್ತು. ಎರಡು ಎಳನೀರು ಕುಡಿದು ಕಂಪನಿಗೆ ನಡೆದೆವು.

ಗೇಟಿನಲ್ಲಿ ಒಳಗೆ ಒಯ್ಯುವ ವಸ್ತುಗಳ ಪುಸ್ತಕವಿತ್ತು. ಕಾವಲಿನವರು ಹಲಗೆಯನ್ನು ತಿರುಗಿಸಿ ನೋಡಿ, ಏನು ಬರೆಯುವುದೆಂದು ತಿಳಿಯದೆ, ಕೊನೆಗೆ ‘ಹಿತ್ತಾಳೆ ಮುದುಕ, ಒಂದು’ ಎಂದು ಬರೆದುಕೊಂಡರು.

ಶಾಲಿನಿ ನಮ್ಮನ್ನು ಕೆಳಮಹಡಿಯ ಹಜಾರಕ್ಕೆ ಕರೆದೊಯ್ದರು. ಮೇಘನಾ ಆಗಲೇ ಬಂದು ಮೇಜಿನ ಮುಂದೆ ಕೂತಿದ್ದಳು.

“ಬಂದ್ರಾ? ರುದ್ರಣ್ಣ ಬಂದಿದ್ದಾರಾ?”

“ಬಂದೀನವ್ವಾ.”

“ಎರಡು ಸಲ ಬೈದಿದ್ದೀನಿ, ಆದ್ರೂ ಬಂದ್ರಲ್ಲ.”

“ಬೈದಿದ್ದು ಖರೇನ ಇತ್ತಲ್ಲವ್ವಾ.”

ಹಲಗೆಯನ್ನು ಮೇಜಿನ ಮೇಲಿಟ್ಟೆವು. ಮೇಘನಾ ಎರಡೂ ಕೈಗಳಿಂದ ಮೊದಲು ನಾಲ್ಕು ಅಂಚುಗಳನ್ನು ಸವರಿದಳು. ಬಲಗಡೆಯ ಕೆಳಮೂಲೆಗೆ ಬಂದು ನಿಂತಳು.

“ಈ ಮೂಲೆ ಮಾತ್ರ ಉಳಿದ ಮೂರಕ್ಕಿಂತ ನುಣುಪು. ಯಾಕೆ?”

ನಡೆದದ್ದನ್ನು ಹೇಳಿದೆ. “ಹಾಗಿದ್ರೆ ಉಳಿದ ಮೂರನ್ನೂ ಬೀಳಿಸಬೇಕಿತ್ತು” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮುಖಕ್ಕೆ ಬಂದಳು.

“ಟೋಪಿ. ತುಪ್ಪಳದ್ದು, ಅಲ್ವಾ? ಹಣೆ. ಹುಬ್ಬು ಒಂದು ಕಡೆ ಸ್ವಲ್ಪ ಮೇಲಿದೆ. ಕಣ್ಣು ಮುಚ್ಚಿಲ್ಲ, ಕೆಳಗೆ ಬಿಟ್ಟಿದ್ದಾರೆ.” ಬೆರಳುಗಳು ಕಣ್ಣಿನ ಕೆಳಗಿನ ಚೀಲಗಳ ಮೇಲೆ ನಿಂತವು. ಹೋದವು, ಮತ್ತೆ ಅಲ್ಲಿಗೇ ಬಂದವು. “ಇವ್ರಿಗೆ ಎಪ್ಪತ್ತು ದಾಟಿದೆ” ಎಂದಳು.

ಶಾಲಿನಿ ನನ್ನ ಕೈ ಹಿಡಿದುಕೊಂಡರು. ಆದರೆ ಮೇಘನಾ ಇನ್ನೂ ಮುಗಿಸಿರಲಿಲ್ಲ. “ಸ್ವಲ್ಪ ಇರಿ” ಎಂದು ಬಾಯಿಯ ಮೇಲೆ, ಗಡ್ಡದ ಬುಡದಲ್ಲಿ, ಟೋಪಿಯ ಕೆಳಗಿನ ಕಿವಿಯ ಹತ್ತಿರ ಹುಡುಕಿದಳು.

“ಇವ್ರು ಏನ್ ಮಾಡ್ತಿದ್ದಾರೆ ಅಂತ ಬರ್ದಿದ್ದೀರಾ?”

“ಚಿಂತೆಯಲ್ಲಿ ಮುಳುಗಿದ್ದಾರೆ ಅಂತ” ಎಂದರು ಶಾಲಿನಿ. “ಲೇಬಲ್ಲಿನಲ್ಲಿ ಹಾಗೇ ಇದೆ.”

“ಚಿಂತೆ ಅಲ್ಲ. ತಲೆ ಒಂದು ಕಡೆಗೆ ವಾಲಿದೆ, ತುಟಿ ಒಂಚೂರು ಬಿಟ್ಟಿದೆ, ಆ ಕಡೆ ಹುಬ್ಬೇ ಎದ್ದಿರೋದು. ಇವ್ರು ಕೇಳಿಸ್ಕೊಳ್ತಿದ್ದಾರೆ. ಯಾರೋ ಏನೋ ಹೇಳ್ತಿದ್ದಾರೆ ಇವ್ರಿಗೆ. ನಾನು ಫೋನಲ್ಲಿ ಕೇಳಿಸ್ಕೊಳ್ವಾಗ ಬಾಯಿ ಹೀಗೇ ಬಿಟ್ಕೊಂಡಿರ್ತೀನಿ ಅಂತ ನಮ್ಮಮ್ಮ ಬೈತಾರೆ.”

ಮೂಲಚಿತ್ರ ಅದೇ ಹಜಾರದ ಗೋಡೆಯ ಮೇಲಿತ್ತು. ಶಾಲಿನಿ, ರುದ್ರಣ್ಣ, ನಾನು ಅಲ್ಲಿಗೆ ಹೋದೆವು. ಅಂಗೈಯಷ್ಟೇ ಇತ್ತು ಅದು. ಗೋಡೆಯಗಲದ ಫೋಟೊ ನೋಡಿಕೊಂಡು ಕೆಲಸ ಮಾಡಿದ್ದ ನಮಗೆ ಅಷ್ಟು ಸಣ್ಣದಿರಬಹುದೆಂಬ ಕಲ್ಪನೆ ಇರಲಿಲ್ಲ. ಶಾಲಿನಿ ಕೊಟ್ಟ ಭೂತಗನ್ನಡಿಯನ್ನು ಹಿಡಿದು ರುದ್ರಣ್ಣ ಗಾಜಿನ ಹತ್ತಿರ ಬಗ್ಗಿದರು. ನಾನು ಆ ಬಾಯಿಯನ್ನು ನೋಡಿದೆ. ಎರಡು ತಿಂಗಳು ದಿನವೂ ನೋಡಿದ್ದ ಬಾಯಿ. ಮೇಘನಾ ಹೇಳಿದ್ದು ನಿಜ. ಮುದುಕ ಕಣ್ಣು ತಗ್ಗಿಸಿ, ಪಕ್ಕದಲ್ಲಿರುವ ಯಾರದೋ ಮಾತನ್ನು ಪೂರ್ತಿ ಗಮನವಿಟ್ಟು ಕೇಳುತ್ತಿದ್ದ. ಇದನ್ನು ಕೊರೆದ ರುದ್ರಣ್ಣನಿಗಾಗಲಿ, ನನಗಾಗಲಿ, ಶಾಲಿನಿಗಾಗಲಿ ಅದು ಕಂಡಿರಲಿಲ್ಲ.

“ನನಗ ಗೊತ್ತಿಲ್ಲದ ಕೊರದೀನ್ರಿ ಅದನ್ನ” ಎಂದು ರುದ್ರಣ್ಣ ಮೆಲ್ಲಗೆ ಹೇಳಿದರು. ಆಮೇಲೆ ಭೂತಗನ್ನಡಿಯನ್ನು ಸ್ವಲ್ಪ ಸರಿಸಿ ನಗತೊಡಗಿದರು. “ಅಕ್ಕಾರ, ಬರ್ರಿಲ್ಲಿ. ಈ ಭುಜದ ಮ್ಯಾಲ ನೋಡ್ರಿ, ಯಜಮಾನನ ಸೂಜಿ ಜಾರೇತ್ರಿ. ಹಂಗ ಬಿಟ್ಟಾನ.” ನೋಡಿದೆ. ಎಲ್ಲಿಗೂ ಸೇರದ ಒಂದು ಕೂದಲೆಳೆಯ ಗೆರೆ. ಶಾಲಿನಿಯೂ ನೋಡಿದರು. ಚಿತ್ರದ ಬಗ್ಗೆ ಅಷ್ಟು ಓದಿದ್ದ ಅವರು ಆ ಗೆರೆಯನ್ನು ನೋಡಿಯೇ ಇರಲಿಲ್ಲವಂತೆ. ಲೇಬಲ್ ಕಳಚಿ, ‘ಚಿಂತೆಯಲ್ಲಿ ಮುಳುಗಿದ’ ಎಂಬ ಮಾತನ್ನು ಪೆನ್ನಿನಿಂದ ಹೊಡೆದುಹಾಕಿ, ಹೊಸದಾಗಿ ಅಚ್ಚು ಹಾಕಿಸಲು ಒಬ್ಬರ ಕೈಗೆ ಕೊಟ್ಟು ಕಳಿಸಿದರು.

ಸಂತೋಷದಲ್ಲಿ ರುದ್ರಣ್ಣ ಮೇಘನಾಳ ಮುಂದೆ ಹೋಗಿ ನಿಂತು, “ಈ ಮುಖ ನನ್ನ ಮುಖ ನೋಡೇ ಮಾಡಿದ್ದವ್ವಾ. ಬೇಕಂದ್ರ ಮುಟ್ಟಿ ನೋಡು” ಎಂದು ಬಗ್ಗಿದರು.

ಮೇಘನಾ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಜೋರಾಗಿ ನಕ್ಕಳು. “ಬೇಡ ರುದ್ರಣ್ಣ. ಮುಖ ಮುಟ್ಟೋದೆಲ್ಲ ಸಿನಿಮಾದಲ್ಲಿ. ನನಗೆ ನಿಮ್ಮ ಪ್ಲೇಟ್ ಸಾಕು. ಉಳಿದ ಹನ್ನೊಂದು ಯಾವಾಗ ಶುರು ಮಾಡ್ತೀರಿ?”

ರುದ್ರಣ್ಣ ನನ್ನ ಕಡೆ ನೋಡಿದರು. ಅವರೇ ಹೇಳಲೆಂದು ನಾನು ಕಾದೆ.

“ಸಂಕ್ರಾಂತಿಗೆ ಊರಿಗೆ ಹೋಗಿ ಬರತೀನಿ” ಎಂದರು. “ಬಂದ ಮ್ಯಾಲ ಶುರು ಮಾಡೂಣು.”

ಮಧ್ಯಾಹ್ನ ಅವರ ಊಟದ ಹಜಾರದಲ್ಲಿ ಎಲ್ಲ ದೇಶದ ಅಡುಗೆಯೂ ಇತ್ತು. ಆದರೆ ರುದ್ರಣ್ಣ ತಾವು ತಂದಿದ್ದ ಬುತ್ತಿಯನ್ನೇ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ನಾಲ್ವರೂ ಹಂಚಿಕೊಂಡೆವು. ಮೇಘನಾ ಎರಡು ರೊಟ್ಟಿ ತಿಂದು, ಚಟ್ನಿಯಲ್ಲಿ ಬೆಳ್ಳುಳ್ಳಿ ಒಂದು ಎಸಳು ಜಾಸ್ತಿಯಾಯಿತೆಂದು ತಪ್ಪು ಹಿಡಿದಳು. ಊಟವಾದ ಮೇಲೆ ಹಜಾರದ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಒಳಗೆ ನೋಡಿದೆ. ಶಾಲಿನಿ ಹಲಗೆಯ ಮುಂದೆ ಕಣ್ಣು ಮುಚ್ಚಿ ನಿಂತು ಹುಬ್ಬಿನ ಮೇಲೆ ಬೆರಳಾಡಿಸುತ್ತಿದ್ದರು.

ಮೂರೂವರೆಯ ರೈಲು ಹಿಡಿದೆವು. ಆರ್.ವಿ. ರೋಡಿನಲ್ಲಿ ಬದಲಾಯಿಸಿ ಹಸಿರು ಮಾರ್ಗಕ್ಕೆ ಬಂದಾಗ ಶಾಲೆ, ಕಾಲೇಜು ಬಿಟ್ಟ ಜನರಿಂದ ಬೋಗಿ ಕಿಕ್ಕಿರಿದಿತ್ತು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಒಬ್ಬ ತರುಣ ರುದ್ರಣ್ಣನನ್ನು ನೋಡಿ ಎದ್ದು ನಿಂತ.

“ಕೂತ್ಕೊಳ್ಳಿ ಅಂಕಲ್.”

“ಕೂಡಪಾ ನೀನು” ಎಂದರು ರುದ್ರಣ್ಣ, ಅವನ ಭುಜ ಒತ್ತಿ ಕೂರಿಸಿ. “ನಾ ಇವತ್ತ ನಿಂತ ಹೋಗತೀನಿ.”

ನಲವತ್ತು ನಿಮಿಷ ನಿಂತೇ ಬಂದರು. ಯಶವಂತಪುರ ದಾಟಿ ಕಾರ್ಖಾನೆಗಳ ತಗಡಿನ ಚಾವಣಿಗಳು ಶುರುವಾದಾಗ, ಎರಡೂ ಕೈ ಮೇಲೆತ್ತಿ ಹಿಡಿಕೆ ಹಿಡಿದು, ಬಾಗಿಲ ಗಾಜಿನಾಚೆಯ ಇಳಿಬಿಸಿಲಿಗೆ ಮುಖ ಕೊಟ್ಟು ನಿಂತಿದ್ದರು.